ಅರ್ಧ ಮಾತ್ರೆ

ಅರಕಲಗೂಡಿನ ಪಶು ಆಸ್ಪತ್ರೆಯಲ್ಲಿ
ಬೆಕ್ಕಿಗೆಂದು ಬೇರೆ ಮೇಜಿಲ್ಲ.
ಎಮ್ಮೆ ಕಟ್ಟುವ ಕಂಬಿಗಳ ನಡುವೆ
ತರಕಾರಿ ಬುಟ್ಟಿಯಲ್ಲಿ ಕೂತಿದ್ದ ನನ್ನ ಶಿರಸ್ತೇದಾರ,
ಕಿವಿಯ ಹಿಂದೆ ಕೀವು, ಮುಖದ ಮೇಲೆ ಅಧಿಕಾರ.

ತಾಲ್ಲೂಕು ಕಚೇರಿಯ ಹಿಂಬಾಗಿಲಿಂದ ಬಂದವನು,
ಕಡತಗಳ ಮೇಲೆ ಮಲಗಿ ಬೆಳೆದವನು;
ಅದಕ್ಕೇ ಆ ಹೆಸರು.

"ಬೆಳಿಗ್ಗೆ ಅರ್ಧ, ಸಂಜೆ ಅರ್ಧ, ಐದು ದಿನ" ಅಂದರು ಡಾಕ್ಟರು.
"ದನಕ್ಕಾದರೆ ಗೊಟ್ಟ ಇಟ್ಟು ಹುಯ್ದುಬಿಡಬಹುದು, ಜಸಿಂತಾ ಸಿಸ್ಟರ್.
ಇದಕ್ಕೆ ನಿಮ್ಮ ಕೈಯೇ ಗೊಟ್ಟ."

ನಕ್ಕೆ. ನನಗೇ ಹೇಳಿಕೊಡುತ್ತಾನೆ ಈ ಹುಡುಗ!
ಮೂವತ್ತೊಂದು ವರ್ಷ ವಾರ್ಡು ಸುತ್ತಿದವಳು:
ಕೊಣನೂರು, ರಾಮನಾಥಪುರ, ಕೊನೆಗೆ ಇಲ್ಲಿ.
ಮೂಗು ಹಿಡಿದರೆ ಬಾಯಿ ತೆರೆಯುತ್ತದೆ
ಅನ್ನುವ ಗಾದೆಯನ್ನು ಸಂಬಳಕ್ಕೆ ದುಡಿಸಿಕೊಂಡವಳು.

ಬೆಕ್ಕಿಗೆ, ಹಿಡಿಯುವಷ್ಟು ಮೂಗಿಲ್ಲ.

ಬೆಳಿಗ್ಗೆ ಬಂಗುಡೆಯ ಹೊಟ್ಟೆಯೊಳಗೆ ಇಟ್ಟೆ.
ಮೀನು ತಿಂದ, ಮುಳ್ಳು ತಿಂದ, ತಟ್ಟೆಯ ಅಂಚೂ ನೆಕ್ಕಿದ.
ಮಾತ್ರೆ ಮಾತ್ರ ನಟ್ಟನಡುವೆ
ತೊಳೆದು ಇಟ್ಟ ಹಾಗೆ.
ಸಂಜೆ ಹಾಲಲ್ಲಿ ತೇಯ್ದೆ.
ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ ಬೆಕ್ಕು.
ಇವನು ಕಣ್ಣು ತೆರೆದು, ನನ್ನನ್ನೇ ನೋಡುತ್ತ,
ಕುಡಿಯಲಿಲ್ಲ.

ಎದುರುಮನೆ ಪುಟ್ಟಸ್ವಾಮಯ್ಯ ಮೇಷ್ಟ್ರು ಕಾಂಪೌಂಡಿನಾಚೆಯಿಂದ:
"ಲಘುವಿಗೆ ಒಂದು, ಗುರುವಿಗೆ ಎರಡು.
ಅರ್ಧ ಮಾತ್ರೆ ಛಂದಸ್ಸಿನಲ್ಲೇ ಇಲ್ಲ ಸಿಸ್ಟರ್,
ಅವನು ಹೇಗೆ ಒಪ್ಪುತ್ತಾನೆ?"

ಎರಡನೇ ದಿನ ಟವೆಲ್ಲು.
ಹುಟ್ಟಿದ ಕೂಸನ್ನು ಸುತ್ತಿದ ಹಾಗೆ ಸುತ್ತಿದೆ, ಕೈ ಮರೆತಿರಲಿಲ್ಲ.
ಪಕ್ಕದ ಮನೆ ಮುಬೀನಾ ಹಿಂಗಾಲು ಹಿಡಿದಳು.
ನಾಲ್ಕೇ ಕಾಲು ಅಂದುಕೊಂಡಿದ್ದೆವು;
ಟವೆಲ್ಲಿನೊಳಗೆ ಏಳೆಂಟು ಇದ್ದವು.
ಬಾಯಿ ತೆರೆಸಿದೆ: ಗುಲಾಬಿ ಬಣ್ಣದ ಪುಟ್ಟ ಅಂಗಳ,
ಬಾಗಿಲಿಗೆ ನಾಲ್ಕು ಮೊಳೆ.
ಒಳಗೆ ನೂಕಿ, ಗಂಟಲು ನೀವಿದೆ.
ಗುಳುಕ್ ಅಂತು.
ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆದೆ,
ಮೊಣಕೈವರೆಗೆ ಅವನು ಮೂರು ಎಳೆದಿದ್ದ.

ಹೀಗೇ ನಡೆಯಿತು. ದಿನಕ್ಕೆರಡು ಗುಳುಕ್, ಎರಡು ಗೀಟು.

ಆರನೇ ದಿನ ಗ್ಯಾಸು ಮುಗಿಯಿತು.
ಸಿಲಿಂಡರು ಸರಿಸಿದರೆ ಹಿಂದೆ ಗೋಡೆಗುಂಟ
ಅರ್ಧ, ಅರ್ಧ, ಅರ್ಧ, ಅರ್ಧ, ಅರ್ಧ.
ಕ್ಯಾಲೆಂಡರಿನಲ್ಲಿ ಗೀಟು ಎಂಟು.
ಕಿವಿಯ ಗಾಯ ಮಾಯುತ್ತಿತ್ತು, ಮೂರರಲ್ಲೋ, ಹಟದಲ್ಲೋ.

ಅಲ್ಲೇ ನೆಲದ ಮೇಲೆ ಕೂತೆ.
ಬಸವಾಪಟ್ಟಣದ ದ್ಯಾವಮ್ಮ, ಎರಡನೇ ಮಂಚ,
ಟೀಬಿ ವಾರ್ಡು.
ಅವಳು ಮನೆಗೆ ಹೋದ ದಿನ ದಿಂಬಿನ ಹೊಲಿಗೆ ಬಿಚ್ಚಿತ್ತು.
ಕೆಂಪು, ಹಳದಿ, ಬಿಳಿ ಸುರಿದವು,
ಮಗುವಿನ ಮಣಿಸರ ಹರಿದ ಹಾಗೆ.
ಎಷ್ಟು ಸಲ ಎಲ್ಲರೆದುರು ಗದರಿದ್ದೆ:
ಬಾಯಿ ತೆಗಿ, ನಾಲಿಗೆ ಎತ್ತು.
"ನುಂಗಿದ್ರೆ ಮುದ್ದೆ ಮಣ್ಣಾಗ್ತದೆ ಕಣವ್ವ" ಅಂದಿದ್ದಳು ಒಮ್ಮೆ,
ಮೆಲ್ಲಗೆ. ನಾನು ಆಗಲೇ ಮೂರನೇ ಮಂಚದ ಹತ್ತಿರ ಇದ್ದೆ.
ಆಮೇಲೆ ಏನಾದಳೋ ತಿಳಿಯದು.
ರಿಜಿಸ್ಟರಿನಲ್ಲಿ ಅವಳ ಗೀಟುಗಳೆಲ್ಲ ಸರಿಯಾಗಿದ್ದವು.

ಸಿಲಿಂಡರಿನ ಹಿಂದಿನದೊಂದು ಎತ್ತಿಕೊಂಡು
ಧೂಳು ಒರೆಸಿ ನಾಲಿಗೆಗೆ ತಾಗಿಸಿದೆ.
ಕೈಯಾರೆ ಎಷ್ಟು ಸಾವಿರ ಕೊಟ್ಟೆನೋ,
ಒಂದನ್ನೂ ಹೀಗೆ ನೆಕ್ಕಿ ನೋಡಿದ್ದಿಲ್ಲ.

ಥೂ.

ಕಿವುಚಿದ ನನ್ನ ಮುಖವನ್ನು
ಫ್ರಿಜ್ಜಿನ ಮೇಲಿಂದ ನೋಡಿದ ಶಿರಸ್ತೇದಾರ,
ತಡವಾಗಿ ಬಂದ ಅರ್ಜಿ ಓದಿದವನ ಹಾಗೆ
ನಿಧಾನಕ್ಕೆ ಕಣ್ಣು ಮುಚ್ಚಿದ.

ಮಂಜೂರಾಯಿತೋ ಇಲ್ಲವೋ, ಗೊತ್ತಿಲ್ಲ.
ಇವತ್ತಿಗೂ ನನ್ನ ಕೈಗೆಟುಕುವ ದೂರಕ್ಕಿಂತ
ಒಂದು ಗೇಣು ಆಚೆಗೇ ಮಲಗುತ್ತಾನೆ.